ಯಾರಪ್ಪಂದೂ ಅಲ್ಲ

ಹೊಸಪೇಟೆಯಲ್ಲಿ ಇವತ್ತು ತಿರುಗುತ್ತಿರುವ ಮಿಕ್ಸಿಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಲ್ಲಿ ಸತ್ತು ಹುಟ್ಟಿದವು. ಉಳಿದ ಕಾಲು ಪಾಲು ಇನ್ನೂ ಕೆಟ್ಟಿಲ್ಲ, ಅಷ್ಟೇ. ಚಿತ್ತವಾಡ್ಗಿಯ ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ‘ಪಂಪಾವತಿ ರಿಪೇರಿ’ ಅಂತ ಬೋರ್ಡಿರುವ ಅಂಗಡಿ ನನ್ನದೇ. ಬೋರ್ಡು ಅಂಗಡಿಗಿಂತ ಎರಡು ಗೇಣು ಅಗಲವಾಗಿದೆ. ಬೇಕಾದವರು ಬಂದು ಅಳೆದುಕೊಳ್ಳಲಿ. ಡ್ಯಾಮಿನ ಗೇಟು ಕಿತ್ತುಹೋದ ವರ್ಷ ದೊಡ್ಡ ದೊಡ್ಡ ಎಂಜಿನಿಯರರು ಎಲ್ಲೆಲ್ಲಿಂದಲೋ ಬಂದರು. ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ನನಗೆ ಮಾತ್ರ ಒಂದು ಫೋನು ಬರಲಿಲ್ಲ. ನೀರೆಲ್ಲ ಹರಿದುಹೋದದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಗಿರಣಿಯ ಮಾಳಿಗೆಯ ಮೇಲೆ ಆ ಶನಿವಾರ ನಡೆದ ಕಾರ್ಯಾಗಾರವನ್ನು ಕಂಪ್ಲಿಯ ತುಳಸಿ ನಡೆಸಿದಳು ಎಂದೇ ಊರೆಲ್ಲ ಮಾತು. ನಡೆಸಿದ್ದು ಅವಳೇ, ಇಲ್ಲವೆನ್ನುವುದಿಲ್ಲ. ಆದರೆ ಏಣಿ ಹಿಡಿದವಳು ನಾನು. ಏಣಿ ಅಲ್ಲಾಡಿದ್ದರೆ ಕಾರ್ಯಾಗಾರ ಎಲ್ಲಿರುತ್ತಿತ್ತು?

ತುಳಸಿಗೆ ಕಂಪ್ಲಿಯ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇದೆ. ಗಂಡೆಂದು ಬೆಳೆಸಿದ ಮನೆಯನ್ನು ಹದಿನೇಳನೇ ವಯಸ್ಸಿಗೆ ಬಿಟ್ಟು, ಸೀರೆ ಉಟ್ಟು, ಸೋಲ್ಡರಿಂಗ್ ಕಲಿತವಳು. ಮನೆಯವರು ಇಟ್ಟಿದ್ದ ಹಳೆಯ ಹೆಸರನ್ನು ಯಾರಾದರೂ ಕೆದಕಿದರೆ, ಆ ನಂಬರ್ ಚಾಲ್ತಿಯಲ್ಲಿಲ್ಲ ಅಂದು ಕೆಲಸ ಮುಂದುವರಿಸುತ್ತಾಳೆ. ಸತ್ತ ಫೋನಿಗೆ ಜೀವ ಬರಿಸುವುದರಲ್ಲಿ ಇಡೀ ಕರ್ನಾಟಕಕ್ಕೆ ಅವಳು ಎರಡನೆಯವಳು. ಮೊದಲನೆಯವಳು ಯಾರೆಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ.

ಕಾರ್ಯಾಗಾರದ ಕರಪತ್ರವನ್ನು ಅವಳೇ ಬರೆದಿದ್ದಳು. ಹೆಣ್ಣುಮಕ್ಕಳು, ನಾವು ಹೆಣ್ಣೇ ಎನ್ನುವವರು, ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರು ಎಲ್ಲರೂ ಬರಬೇಕು. ನಿಮ್ಮ ಫೋನು ನಿಮ್ಮ ಮಾತು ಕೇಳುವ ಹಾಗೆ ಮಾಡೋಣ. ನಮ್ಮ ಓಣಿಗೆ ನಮ್ಮದೇ ವೈಫೈ ಪೆಟ್ಟಿಗೆ ಕಟ್ಟಿಕೊಳ್ಳೋಣ, ಅಂತ. ಕೆಳಗೆ ‘ಊಟ ಉಂಟು’ ಎಂದು ಸೇರಿಸಿದವಳು ನಾನು. ಅದಕ್ಕೇ ಸಾವಿರ ಮಂದಿ ಬಂದರು. ತುಳಸಿ ಎಣಿಸಿ ಇಪ್ಪತ್ಮೂರು ಅಂದಳು. ಎಣಿಕೆಯ ವಿಷಯದಲ್ಲಿ ಅವಳು ಮೊದಲಿನಿಂದಲೂ ಜಿಪುಣಿ.

ಆ ಇಪ್ಪತ್ಮೂರರಲ್ಲಿ ಒಬ್ಬಳು ಅಂಜಲಿ. ನಮ್ಮ ಹಿಂದಿನ ಓಣಿಯ ಹುಡುಗಿ, ವಯಸ್ಸು ಇಪ್ಪತ್ತೊಂದು, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಮುಗಿಸಿದವಳು. ಸಂಡೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ತರಬೇತಿಗೆ ಅರ್ಜಿ ಹಾಕಿದ್ದಳು. ನೆಲದಿಂದ ಆಕಾಶದೆತ್ತರಕ್ಕೆ ಹತ್ತಿ, ಗಾಜಿನ ಗೂಡಿನಲ್ಲಿ ಕೂತು, ಆನೆಯಷ್ಟು ಭಾರದ ಕಬ್ಬಿಣವನ್ನು ಎರಡು ಬೆರಳಲ್ಲಿ ಎತ್ತಿ ಇಳಿಸುವ ಕೆಲಸ. ಅವಳ ಅಣ್ಣ ಹಂಪೇಶ್ ಗಣಿ ಲಾರಿಗಳ ಆಫೀಸಿನಲ್ಲಿ ಕೂರುವವನು, ಮೀಸೆಗೆ ಕನ್ನಡಿ ನೋಡಿಕೊಳ್ಳುವವನು. ಅಷ್ಟು ಎತ್ತರದಲ್ಲಿ ಕೂತ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎನ್ನುವುದು ಅವನ ಚಿಂತೆ. ಮೊದಲ ಸಲ ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂದಾಗ, ತಂಗಿಗಿಂತ ಮುಂಚೆ ಅವನಿಗೇ ಗೊತ್ತಾಯಿತು. ಅಲ್ಲಿಗೆ ಫೋನ್ ಮಾಡಿ, ಅವಳಿಗೆ ಮದುವೆ ನಿಶ್ಚಯವಾಗಿದೆ ಅಂದುಬಿಟ್ಟ. ಎರಡನೇ ಸಲ ಸಂದರ್ಶನದ ದಿನವೇ ಅವಳ ಫೋನು ಕಾಣೆಯಾಯಿತು; ಸಂಜೆ ಅವನ ಬೈಕಿನ ಸೀಟಿನ ಕೆಳಗೆ ಸಿಕ್ಕಿತು. ಇದು ಮೂರನೆಯ ಸಲ. ಶನಿವಾರ ಮಧ್ಯಾಹ್ನ ಮೂರಕ್ಕೆ ವಿಡಿಯೊ ಕರೆ, ಇದೂ ತಪ್ಪಿದರೆ ನಿಮ್ಮ ಹೆಸರು ತೆಗೆದುಹಾಕುತ್ತೇವೆ ಎಂದು ಕಾರ್ಖಾನೆಯ ಶ್ರೀಲಕ್ಷ್ಮೀ ಮೇಡಂ ಹೇಳಿದ್ದರು. ಈ ಸಲ ಅಂಜಲಿ ನನ್ನ ನಂಬರು ಕೊಟ್ಟಿದ್ದಳು.

ಅವಳು ಎಲ್ಲಿ ಹೋದರೂ ಹಂಪೇಶನಿಗೆ ಗೊತ್ತಾಗುತ್ತಿತ್ತು. ಬಾಳೆಹಣ್ಣು ತರಲು ಹೋದರೆ ಡಜನ್ನು ತಂದಳೋ ಅರ್ಧ ಡಜನ್ನೋ ಅದೂ ಗೊತ್ತು. ಫೋನಿನಲ್ಲಿ ಅವನು ಏನೋ ಇಟ್ಟಿದ್ದಾನೆ ಎಂದು ಅವಳಿಗೆ ಅನುಮಾನ. ಅದನ್ನು ತುಳಸಿಗೆ ತೋರಿಸಲೆಂದೇ ಫೋನು ತರುತ್ತೇನೆ ಅಂದಿದ್ದಳು. ಅವಳು ಅಷ್ಟು ಹೇಳಿದ್ದೇ ತಡ, ನನ್ನ ತಲೆಯಲ್ಲಿ ಒಂದು ಉಪಾಯ ಹುಟ್ಟಿತು. ವಿಜಯನಗರದ ಅರಸರಿಗೆ ಅಂಥ ಉಪಾಯ ಹೊಳೆದಿದ್ದರೆ ಹಂಪಿ ಇವತ್ತಿಗೂ ರಾಜಧಾನಿಯಾಗಿರುತ್ತಿತ್ತು. ಅಂಜಲಿಯ ಫೋನನ್ನು ನನ್ನ ಗಂಡ ಎರ್ರಿಯಪ್ಪನ ಆಟೋದಲ್ಲಿ ಇಡುವುದು. ಅವನು ಕಮಲಾಪುರ, ಹಂಪಿ, ಅಲ್ಲಿಂದ ಕಂಪ್ಲಿ ಅಂತ ಊರೂರು ಸುತ್ತುವುದು. ಹಂಪೇಶ್ ಬೈಕಿನಲ್ಲಿ ಅದರ ಹಿಂದೆ ಧೂಳು ಕುಡಿಯುತ್ತ ಓಡುವುದು. ಇತ್ತ ಅಂಜಲಿ ಮಾಳಿಗೆಯ ಮೇಲೆ ನನ್ನ ಫೋನಿನಲ್ಲಿ ಆರಾಮಾಗಿ ಸಂದರ್ಶನ ಕೊಡುವುದು. ಈ ಉಪಾಯವನ್ನು ಯಾರಿಗೂ ಹೇಳಲಿಲ್ಲ. ಅಂಜಲಿಗೂ ಹೇಳಲಿಲ್ಲ, ಹುಡುಗಿ ಹೆದರಿಕೊಂಡರೆ ಎಂದು.

ಬಂದವರಿಗೆಲ್ಲ ಕೊಡಲು ನಾನು ಫೋನು ಇಟ್ಟುಕೊಳ್ಳುವ ಚೀಲ ಹೊಲಿದಿದ್ದೆ. ರವಿಕೆಗೆಂದು ತಂದಿದ್ದ ಒಂದೇ ಹಸಿರು ಜಂಪರ್ ಬಟ್ಟೆ, ಎಲ್ಲ ಒಂದೇ ಅಳತೆ. ಪ್ಯಾರಿಸ್ಸಿನಲ್ಲಿ ಅಂಥ ಹೊಲಿಗೆ ಸಿಗುವುದಿಲ್ಲ. ಗುರುತು ಸಿಗಲೆಂದು ಅಂಜಲಿಯ ಚೀಲದ ಮೂಲೆಗೆ ಕೆಂಪು ದಾರದ ಒಂದು ಹೂವು ಹಾಕಿದೆ. ಅದು ಎಷ್ಟು ಚೆಂದ ಕಂಡಿತೆಂದರೆ ನನ್ನ ಚೀಲಕ್ಕೂ ಒಂದು ಹಾಕಿಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಜಮಖಾನೆಯ ಮೇಲೆ ಕೂತರು. ಕೆಳಗೆ ಗಿರಣಿ ತಿರುಗಿದಾಗಲೆಲ್ಲ ಮಾಳಿಗೆ ನಡುಗಿ, ಹಲಗೆಯ ಸಂದಿಯಿಂದ ಜೋಳದ ಹಿಟ್ಟು ಮೇಲೆದ್ದು, ಅರ್ಧ ಗಂಟೆಯಲ್ಲಿ ಎಲ್ಲರ ತಲೆಯೂ ನರೆತಿತ್ತು. ತುಳಸಿ ಮಾತು ಶುರು ಮಾಡುವ ಮೊದಲೇ ಮಲಪನಗುಡಿಯ ಗಾಳೆಮ್ಮ ಎದ್ದು ನಿಂತಳು. ಗಾಳೆಮ್ಮ ಕಂಪ್ಲಿ ಕಡೆಯ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುವ ಹೆಣ್ಣಾಳುಗಳ ಗುಂಪಿನ ಹಿರಿಯಳು. ಅವಳ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಕೆಸರಿಗಿಳಿಯುವ ಮುಂಚೆ ಎಲ್ಲರ ಫೋನೂ ಅವಳ ದೊಡ್ಡ ಸ್ಟೀಲಿನ ಬುತ್ತಿ ಡಬ್ಬಿಗೆ ಬೀಳಬೇಕು, ಮುಚ್ಚಳ ಬಿಗಿಯಾಗಬೇಕು, ಡಬ್ಬಿ ಬದುವಿನ ಮೇಲೆ ಕೂರಬೇಕು. ಫೋನು ನೆನೆಯಬಾರದು, ಸಾಲು ತಪ್ಪಬಾರದು. ಕೆಲಸ ಅಂದಮೇಲೆ ಎಲ್ಲ ಕೆಲಸವೂ ಒಂದೇ ಅಂತ ಅವಳ ಲೆಕ್ಕ. ಡಬ್ಬಿ ಹಿಡಿದು ಸಾಲಾಗಿ ಬಂದಳು. ಅವಳ ಮುಖ ನೋಡಿದವರು ಎದುರು ಮಾತಾಡದೆ ಹಸಿರು ಚೀಲಗಳನ್ನು ಅದರೊಳಗೆ ಹಾಕಿದರು, ನಾನೂ ಹಾಕಿದೆ. ಫೋನು ಕಲಿಯಲು ಬಂದವರ ಫೋನೆಲ್ಲ ಡಬ್ಬಿಯೊಳಗೆ ಕೂತವು. ತುಳಸಿ ನಕ್ಕು, ಇರಲಿ ಬಿಡ್ರಿ, ಮುಂಜಾನೆ ಪೆಟ್ಟಿಗೆ ಕೆಲಸಕ್ಕೆ ಫೋನು ಬೇಕಿಲ್ಲ ಅಂದಳು.

ನನಗೂ ಅದೇ ಬೇಕಿತ್ತು. ಎಲ್ಲರೂ ತುಳಸಿಯ ಕೈ ನೋಡುತ್ತಿದ್ದಾಗ ಡಬ್ಬಿಯೊಳಗೆ ಕೈ ಹಾಕಿದೆ. ಕೆಂಪು ಹೂವು ಸಿಕ್ಕಿತು. ಎಳೆದೆ, ಸೆರಗಲ್ಲಿ ಮುಚ್ಚಿಕೊಂಡೆ, ಇಳಿದು ಹೋಗಿ ಎರ್ರಿಯಪ್ಪನ ಕೈಗಿಟ್ಟೆ. ನನ್ನ ಗಂಡ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಅದೊಂದು ಅವನಲ್ಲಿರುವ ದೋಷ.

ಆಮೇಲೆ ಮಾಳಿಗೆಯ ಮೇಲೆ ನಡೆದ ಕೆಲಸವನ್ನು ನೋಡಿದ್ದರೆ ಚಂದ್ರನ ಮೇಲೆ ನೌಕೆ ಇಳಿಸಿದವರೂ ಬಂದು ಕುಕ್ಕರಗಾಲಲ್ಲಿ ಕೂತು ಕಲಿಯುತ್ತಿದ್ದರು. ನೀಲಿ ವೈರಿನ ತುದಿ ಸುಲಿದು, ಒಳಗಿನ ಎಂಟು ಎಳೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ತುದಿಗೆ ಗಾಜಿನಂಥ ಚಿಕ್ಕ ಟೊಪ್ಪಿಗೆ ಹಾಕಿ ಕ್ಲಿಪ್ಪು ಒತ್ತುವುದು. ನಾಟಿಯ ಕೈಗಳು ಅದನ್ನು ಒಂದೇ ಸಲಕ್ಕೆ ಹಿಡಿದವು. ನಾನು ಹಿಡಿದದ್ದು ಒಂದೂವರೆ ಸಲಕ್ಕೆ. ಪೆಟ್ಟಿಗೆ ಗೋಡೆಗೇರಿತು, ಆಂಟೆನಾ ಕಿಟಕಿಯಿಂದ ಓಣಿಗೆ ಮುಖ ಮಾಡಿತು. ವೈಫೈಗೆ ಒಂದು ಹೆಸರಿಡಬೇಕು ಅಂದಳು ತುಳಸಿ. ಒಬ್ಬರು ದೇವರ ಹೆಸರು ಅಂದರು, ಒಬ್ಬರು ಮೊಮ್ಮಗಳ ಹೆಸರು. ನನ್ನ ಹೆಸರನ್ನು ನಾನೇ ನಾಲ್ಕು ಸಲ ಸೂಚಿಸಿದೆ. ಈ ಪೆಟ್ಟಿಗೆ ಯಾರದು ಅಂತ ನಾಳೆ ಊರ ಗಂಡಸರು ಕೇಳೇ ಕೇಳುತ್ತಾರೆ, ಅವರಿಗೇನು ಹೇಳೋಣ ಅಂತ ಯಾರೋ ಅಂದರು. ಗಾಳೆಮ್ಮ ತಲೆಯೆತ್ತದೆ ವೈರು ಸುಲಿಯುತ್ತ ಅಂದಳು.

“ಯಾರಪ್ಪಂದೂ ಅಲ್ಲ ಅನ್ರಿ.”

ತುಳಸಿ ಅದನ್ನೇ ಹಾಕಿದಳು. ಇವತ್ತಿಗೂ ಚಿತ್ತವಾಡ್ಗಿಯಲ್ಲಿ ಫೋನು ತೆಗೆದು ವೈಫೈ ಹುಡುಕಿದರೆ ಅದೇ ಹೆಸರು ಮೊದಲು ಕಾಣುತ್ತದೆ.

ಊಟ ಮುಗಿದಾಗ ಎರಡೂಕಾಲು. ಮಧ್ಯಾಹ್ನದ ಪಾಠ ಫೋನಿನದು. ಗಾಳೆಮ್ಮ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದದ್ದೇ ತಡ, ಒಳಗಿಂದ ಜೇನುಗೂಡು ಕೆದಕಿದ ಹಾಗೆ ಟಿಣ್ ಟಿಣ್ ಅಂತ ನೂರು ಸದ್ದು. ಬಿಗಿಯಾದ ಸ್ಟೀಲಿನೊಳಗೆ ಸಿಗ್ನಲ್ ಹೋಗುವುದಿಲ್ಲ, ಅದಕ್ಕೇ ಇಷ್ಟು ಹೊತ್ತು ಎಲ್ಲ ಸತ್ತಂತಿದ್ದವು ಅಂತ ತುಳಸಿ ಬಿಡಿಸಿ ಹೇಳಿದಳು. ಗಾಳೆಮ್ಮನಿಗೆ ಭಾರಿ ಖುಷಿ. ಇಪ್ಪತ್ತು ವರ್ಷದಿಂದ ತಾನು ವಿಜ್ಞಾನ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಂಜಲಿ ಕೆಂಪು ಹೂವಿನ ಚೀಲ ತೆಗೆದುಕೊಂಡು ಅದರೊಳಗಿಂದ ತನ್ನ ಫೋನು ಎಳೆದಳು. ಮೂಲೆ ಒಡೆದ ಗಾಜು, ಹಿಂದೆ ನವಿಲಿನ ಸ್ಟಿಕ್ಕರು. ಅವಳದೇ. ನಾನು ಡಬ್ಬಿಯ ತಳ ಮುಟ್ಟಿ ನೋಡಿದೆ. ನನ್ನ ಫೋನಿರಲಿಲ್ಲ.

ನನ್ನ ಎದೆಯೊಳಗೆ ಆಗ ಎದ್ದ ಸದ್ದಿಗೆ ಗಿರಣಿಯೇ ಒಂದು ಕ್ಷಣ ನಿಂತಿತು. ಗಾಳೆಮ್ಮನ ಕೀಪ್ಯಾಡ್ ಫೋನು ಕಸಿದುಕೊಂಡು ಎರ್ರಿಯಪ್ಪನ ನಂಬರು ಒತ್ತಿದೆ. ಎಂಟನೇ ಸಲಕ್ಕೆ ಎತ್ತಿದ. ಹಂಪಿಯಲ್ಲಿ ಮೂರು ಸುತ್ತು ಹಾಕಿದೆ, ಈಗ ಕಂಪ್ಲಿ ಸೇತುವೆಯ ಮೇಲಿದ್ದೇನೆ, ಹಿಂದೆ ಒಂದು ಬೈಕೂ ಇಲ್ಲ ನೋಡು ಅಂತ ಹೆಮ್ಮೆಯಿಂದ ಹೇಳಿದ. ಎಷ್ಟೇ ಓಡಿಸಿದರೂ ಮೂರಕ್ಕೆ ಅವನು ಚಿತ್ತವಾಡ್ಗಿ ಮುಟ್ಟುವ ಹಾಗಿರಲಿಲ್ಲ. ಶ್ರೀಲಕ್ಷ್ಮೀ ಮೇಡಂ ಕರೆ ಮಾಡಿದರೆ ಕಾಣುವುದು ನನ್ನ ಗಂಡನ ಮೀಸೆ.

ಹೇಳಲೇಬೇಕಾಯಿತು. ಆದಷ್ಟು ಚೆಂದ ಮಾಡಿ ಹೇಳಿದೆ. ಉಪಾಯ ಎಂಥದು, ಅದರ ಹಿಂದಿನ ಬುದ್ಧಿ ಎಂಥದು ಅಂತ. ಅಂಜಲಿ ನನ್ನನ್ನೇ ನೋಡಿದಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ಅಣ್ಣನೂ ನನ್ನ ಕೇಳಲಾರ್ದ ನನ್ನ ಫೋನ್ ತಗೋತಾನ. ನೀನೂ ಕೇಳಲಾರ್ದ ತಗೊಳ್ಳಾಕ ಹೋದಿ. ಏನು ಫರಕ್ ಆತು ಅತ್ತಿ?”

ನನ್ನ ಬಾಯಿ ಮುಚ್ಚಿದ್ದನ್ನು ಚಿತ್ತವಾಡ್ಗಿಯಲ್ಲಿ ನೋಡಿದವರಿಲ್ಲ. ಅವತ್ತು ಇಪ್ಪತ್ಮೂರು ಮಂದಿ ನೋಡಿದರು. ಅದರಲ್ಲಿ ಇಬ್ಬರು ಬೇರೆಯವರನ್ನು ತಟ್ಟಿ ತೋರಿಸಿದರು.

ತುಳಸಿ ಮಾತ್ರ ಏನೂ ಆಗದವಳಂತೆ ಅಂಜಲಿಯ ಪಕ್ಕ ಕೂತಳು. ಫೋನು ಮುಟ್ಟಲಿಲ್ಲ, ನಿನ್ನ ಕೈಯಲ್ಲೇ ಇರಲಿ, ನಾನು ದಾರಿ ಹೇಳುತ್ತೇನೆ ಅಂದಳು. ಸೆಟ್ಟಿಂಗ್ಸು, ಅದರೊಳಗೆ ಆ್ಯಪುಗಳ ಪಟ್ಟಿ, ಅದರೊಳಗೆ ಯಾವುದಕ್ಕೆ ಏನೇನು ನೋಡುವ ಅನುಮತಿ ಇದೆ ಎನ್ನುವ ಪುಟ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲೂ ಅದೇ ದಾರಿ ಹಿಡಿದರು. ಅಂಜಲಿಯ ಬೆರಳು ಒಂದು ಕಡೆ ನಿಂತಿತು. ‘ಬ್ಯಾಟರಿ ಕೇರ್’ ಅಂತ ಹೆಸರು, ಹಸಿರು ಎಲೆಯ ಚಿತ್ರ. ಬ್ಯಾಟರಿ ನೋಡಿಕೊಳ್ಳುವ ಈ ಪುಣ್ಯಾತ್ಮನಿಗೆ ಅವಳ ಮೆಸೇಜು, ಕರೆ, ಕ್ಯಾಮೆರಾ, ಅವಳಿರುವ ಜಾಗ, ಎಲ್ಲವೂ ಬೇಕಿತ್ತು.

ತುಳಸಿ ಅವಸರ ಮಾಡಲಿಲ್ಲ. ಇದನ್ನು ಅಳಿಸಿದ ಕೂಡಲೇ ಆ ಕಡೆಯವನಿಗೆ ಗೊತ್ತಾಗುತ್ತದೆ. ಕೆಲವರ ಮನೆಯಲ್ಲಿ ಅದರಿಂದ ಏಟು ಬೀಳುತ್ತದೆ. ಅದಕ್ಕೇ ಅಳಿಸುವುದೋ, ಇಟ್ಟು ಮೋಸ ಮಾಡುವುದೋ, ಯಾವಾಗ ಮಾಡುವುದೋ ನೀನೇ ಹೇಳಬೇಕು, ನಿನ್ನ ಮನೆಯನ್ನು ನಮಗಿಂತ ನೀನು ಬಲ್ಲೆ ಅಂದಳು. ಅಂಜಲಿ ಹಸಿರು ಎಲೆಯ ಮೇಲಿಂದ ಬೆರಳು ಹಿಂದಕ್ಕೆ ತೆಗೆದಳು.

“ಈಗ ತೆಗದ್ರ ಅವ ಮನಿಗೆ ಹೋಗಿ ಅವ್ವನ ಮ್ಯಾಲ ಹಾರಾಡ್ತಾನ. ಇರ್ಲಿ ಬಿಡು. ಇಲ್ಲಿಗೇ ಬರ್ಲಿ. ನನ್ನ ಎದುರಿಗೇ ಬರ್ಲಿ.”

ಆಮೇಲೆ ಅವಳು ಮಾಡಿದ್ದನ್ನು ನೋಡಿ. ಕಾರ್ಖಾನೆಯ ನಂಬರು ನನ್ನ ಫೋನಿನಲ್ಲಿತ್ತು, ನನ್ನ ಫೋನು ಕಂಪ್ಲಿಯಲ್ಲಿತ್ತು. ಆದರೆ ಹಂಪೇಶ್ ಅವಳ ಫೋನಿನಿಂದ ಎರಡು ಸಲ ಅಳಿಸಿದ ಮೇಲೆ ಆ ಹುಡುಗಿ ನಂಬರನ್ನು ಅಳಿಸಲಾಗದ ಜಾಗದಲ್ಲಿ ಇಟ್ಟುಕೊಂಡಿದ್ದಳು, ತಲೆಯಲ್ಲಿ. ಹತ್ತು ಅಂಕಿಯನ್ನು ಮಗ್ಗಿಯ ಹಾಗೆ ಹೇಳುತ್ತ ತನ್ನದೇ ಫೋನಿನಿಂದ ಕರೆ ಮಾಡಿದಳು. ನಾನು ಅಂಜಲಿ, ಮೂರಕ್ಕೆ ಈ ನಂಬರಿಗೇ ವಿಡಿಯೊ ಕರೆ ಮಾಡಿ, ಬೇರೆ ಯಾರ ನಂಬರೂ ಬೇಡ ಅಂದಳು. ಅಣ್ಣನ ಆ್ಯಪು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದೆ ಎಂದು ಗೊತ್ತಿದ್ದೇ, ಜೋರಾಗಿ ಹೇಳಿದಳು.

ಉಳಿದದ್ದು ಅರ್ಧ ಗಂಟೆ. ಬೇರೆ ಯಾರೂ ತಮ್ಮ ಫೋನಿನಲ್ಲಿ ತೆರೆಯದಂತೆ ತುಳಸಿ ಅವಳ ವಾಟ್ಸಾಪಿಗೆ ಆರಂಕಿಯ ಗುಟ್ಟಿನ ನಂಬರು ಹಾಕಿಸಿದಳು. ಫೋನನ್ನು ನಮ್ಮ ಪೆಟ್ಟಿಗೆಗೆ ಜೋಡಿಸಿದಳು. ಹಿಟ್ಟು ಬಿದ್ದ ಅವಳ ತಲೆಯನ್ನು ನಾನು ಕೊಡವಿದೆ; ಕೇಳಿಯೇ ಕೊಡವಿದೆ.

ಮೂರಕ್ಕೆ ಹನ್ನೆರಡು ನಿಮಿಷವಿದ್ದಾಗ ಕೆಳಗೆ ಬೈಕು ನಿಂತಿತು. ಹಂಪೇಶ್ ಮೆಟ್ಟಿಲನ್ನು ಮೂರು ಮೂರಾಗಿ ಹತ್ತಿ ಬಂದ. ಬೆಳಿಗ್ಗೆ ಹತ್ತಕ್ಕೆ ಅವನ ಫೋನಿನ ನಕ್ಷೆಯಲ್ಲಿ ಗಿರಣಿಯ ಮೇಲೆ ಕಂಡ ತಂಗಿಯ ಚುಕ್ಕೆ ತಟ್ಟನೆ ಮಾಯವಾದದ್ದಕ್ಕೆ ಪಾಪಿನಾಯಕನಹಳ್ಳಿಯ ಚಿಕ್ಕಮ್ಮನ ಮನೆವರೆಗೂ ಹುಡುಕಿದ್ದ; ಡಬ್ಬಿ ತೆರೆದ ಮೇಲೆ ಚುಕ್ಕೆ ಮತ್ತೆ ಕಂಡು ಇಲ್ಲಿಗೆ ಓಡಿಬಂದಿದ್ದ. ಏಳು ಅಡಿ ಎತ್ತರದ ಆಳು, ಕಣ್ಣಲ್ಲಿ ಕೆಂಡ. ತುಳಸಿ ಆಮೇಲೆ ಐದೂವರೆ ಅಡಿ ಅಂದಳು, ಹೇಳಿದೆನಲ್ಲ, ಜಿಪುಣಿ. ಬಾಗಿಲಲ್ಲಿ ನಿಂತು ಮೊದಲು ತುಳಸಿಯನ್ನು ಮೇಲಿಂದ ಕೆಳಗೆ ನೋಡಿದ. ನೀನು ಗಂಡೋ ಹೆಣ್ಣೋ ಮೊದಲು ಅದನ್ನು ಹೇಳು, ಆಮೇಲೆ ಊರ ಹೆಣ್ಣುಮಕ್ಕಳಿಗೆ ಬುದ್ಧಿ ಕಲಿಸುವಿಯಂತೆ ಅಂದ.

“ನಾ ಮೆಕ್ಯಾನಿಕ್ ಅದೀನಪ್ಪ” ಅಂದಳು ತುಳಸಿ. “ನಿಂದೇನು ರಿಪೇರಿ ಇತ್ತು?”

ಮಾಳಿಗೆ ನಕ್ಕ ನಗೆಗೆ ಇನ್ನಷ್ಟು ಹಿಟ್ಟು ಉದುರಿತು. ಅವನ ಕಿವಿ ಕೆಂಪಾಯಿತು. ತಂಗಿಯ ಕಡೆ ತಿರುಗಿ, ಏಳು ಮನೆಗೆ ಅಂದ. ಅವಳು ಏಳಲಿಲ್ಲ. ಫೋನನ್ನು ಅವನಿಗೆ ಕಾಣುವ ಹಾಗೆ ಹಿಡಿದು, ಹಸಿರು ಎಲೆಯ ಮೇಲೆ ಬೆರಳಿಟ್ಟಳು. ಅವನು ಏನೋ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಎಲೆ ಹೋಯಿತು. ಅವನ ಅಂಗಿಯ ಜೇಬಿನಲ್ಲಿ ಅವನ ಫೋನು ಒಮ್ಮೆ ಗುರ್ ಅಂದಿತು.

ನಿನ್ನ ಒಳ್ಳೆಯದಕ್ಕೇ ಹಾಕಿದ್ದೆ ಅಂದ. ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಅಂದ. ಅದ್ಯಾವುದಕ್ಕೂ ಅವಳು ಅಲುಗದಿದ್ದಾಗ, ಕೊನೆಯ ಮಾತು ತೆಗೆದ. ಅದನ್ನು ಅವನು ಮೊದಲಿನಿಂದ ಕಾದಿಟ್ಟುಕೊಂಡಿದ್ದ.

“ಸಿಮ್ ಯಾರ ಹೆಸರಿನ್ಯಾಗ ಐತಿ ಗೊತ್ತೈತಿಲ್ಲ? ನಂದು. ಈಗ ಒಂದು ಫೋನ್ ಮಾಡಿದ್ರ ಬಂದ್ ಆಕ್ಕೈತಿ. ಆಮ್ಯಾಲ ಯಾ ಮೇಡಂ ಕೂಡ ಮಾತಾಡ್ತಿ ಮಾತಾಡು.”

ಅದು ನಿಜವೇ. ಮನೆಯ ಎಲ್ಲ ಸಿಮ್ಮೂ ಅವನ ಹೆಸರಲ್ಲಿತ್ತು. ನಮ್ಮಲ್ಲಿ ಹದಿನಾಲ್ಕು ಮಂದಿಯ ಸಿಮ್ಮು ಗಂಡನದೋ ಮಗನದೋ ಅಳಿಯನದೋ ಹೆಸರಲ್ಲಿತ್ತು. ಆ ಮಾತು ಕೇಳಿ ಹದಿನಾಲ್ಕು ಮಂದಿ ತಮ್ಮ ಫೋನನ್ನು ನೋಡಿಕೊಂಡರು. ನನ್ನದು ನನ್ನ ಹೆಸರಲ್ಲೇ ಇದೆ. ನನ್ನ ಗಂಡನದೂ ನನ್ನ ಹೆಸರಲ್ಲೇ ಇದೆ.

ಅಂಜಲಿ ಗಾಳೆಮ್ಮನ ಕಡೆ ಕೈ ಚಾಚಿದಳು. ಗಾಳೆಮ್ಮನ ತಾಳಿಯ ದಾರದಲ್ಲಿ ಯಾವಾಗಲೂ ಹತ್ತಾರು ಪಿನ್ನು ಜೋತಾಡುತ್ತವೆ. ಕಾಲಿಗೆ ಮುಳ್ಳು ಹೊಕ್ಕರೆ ಅದು, ಸೆರಗು ಹರಿದರೆ ಅದು. ಅವಳು ಕೇಳದೆಯೇ ಅರ್ಥ ಮಾಡಿಕೊಂಡು ಅತಿ ಸಣ್ಣ ಪಿನ್ನು ಬಿಚ್ಚಿ ಕೊಟ್ಟಳು. ಅಂಜಲಿ ಫೋನಿನ ಬದಿಯ ತೂತಿಗೆ ಪಿನ್ನಿನ ಮೊನೆ ಒತ್ತಿದಳು. ಸಣ್ಣ ತಟ್ಟೆ ಹೊರಗೆ ಬಂತು. ಅದರೊಳಗಿಂದ ಉಗುರಿನಷ್ಟು ಚೂರನ್ನು ಎತ್ತಿ, ಎದ್ದು ಹೋಗಿ, ಅಣ್ಣನ ಅಂಗೈ ಬಿಡಿಸಿ ಅದರಲ್ಲಿಟ್ಟಳು.

“ತಗೊ. ಇದು ನಿಂದು. ಫೋನ್ ನಾ ದುಡದು ತಗೊಂಡಿದ್ದು. ಉಳಿದಿದ್ದೆಲ್ಲಾ ನಂದು.”

ನಾನು ಜೀವನದಲ್ಲಿ ಸಿಡಿಲು ನೋಡಿದ್ದೇನೆ, ಗಣಿಯಲ್ಲಿ ಗುಡ್ಡ ಹಾರಿದ್ದು ನೋಡಿದ್ದೇನೆ, ನೂರಾ ಎಂಟು ಮಿಕ್ಸಿಗಳನ್ನು ಒಟ್ಟಿಗೆ ಓಡಿಸಿದ್ದೇನೆ. ಅಂಗೈ ಮೇಲೆ ಒಂದು ಸಿಮ್ ಕೂತ ಆ ಸದ್ದು ಯಾವುದಕ್ಕೂ ಸಮ ಬರಲಿಲ್ಲ. ಹಂಪೇಶ್ ಅದನ್ನು ಹಿಡಿದು ನಿಂತ. ಮುಷ್ಟಿ ಬಿಗಿಯಲೂ ಆಗದು, ಬಿಸಾಡಲೂ ಆಗದು. ಇನ್ನು ಕರೆ ಎಲ್ಲಿಂದ ಬರುತ್ತದೆ ನೋಡೋಣ ಅಂತ ಮೆಲ್ಲಗೆ ಅಂದ.

ಗೋಡೆಯ ಮೇಲೆ ಪೆಟ್ಟಿಗೆಯ ಹಸಿರು ದೀಪ ಮಿಟುಕುತ್ತಿತ್ತು. ನಮಗೂ ಒಳಗೊಳಗೆ ಅದೇ ಅನುಮಾನ. ಸಿಮ್ ಇಲ್ಲದಿದ್ದರೂ ವೈಫೈ ಇದ್ದರೆ ವಾಟ್ಸಾಪಿನ ಕರೆ ಬರುತ್ತದೆ ಎಂದು ತುಳಸಿ ಹೇಳಿದ್ದಳು. ಹೇಳುವುದು ಬೇರೆ. ಆ ವೈರಿನ ಒಂದು ತುದಿಯ ಎಂಟು ಎಳೆಗಳನ್ನು ಒತ್ತಿದ್ದು ನಾನು. ಕಿತ್ತಳೆ ಎಳೆಯ ಬಗ್ಗೆ ನನಗೆ ಸ್ವಲ್ಪ ಸಂಶಯವಿತ್ತು. ಅದನ್ನು ಈ ತನಕ ಯಾರಿಗೂ ಹೇಳಿಲ್ಲ.

ಗಾಳೆಮ್ಮ ಕೆಳಗಿಳಿದು ಹೋದಳು. ಗಿರಣಿಯ ಭರಮಣ್ಣನಿಗೆ ಏನು ಹೇಳಿದಳೋ, ಜೋಳ ಸುರಿಯುವ ಬಾಯಿಗೆ ಅಡ್ಡ ಕೂತೇಬಿಟ್ಟಳೋ, ಗಿರಣಿ ನಿಂತಿತು. ಚಿತ್ತವಾಡ್ಗಿ ಹುಟ್ಟಿದ ಮೇಲೆ ಅಂಥ ಮೌನ ಅದೇ ಮೊದಲು.

ಮೂರು ಗಂಟೆ ಒಂದು ನಿಮಿಷಕ್ಕೆ ಅಂಜಲಿಯ ಫೋನು ಹಾಡಿತು.

ಹಂಪೇಶ್ ಒಂದು ಹೆಜ್ಜೆ ಮುಂದಿಟ್ಟ. ಯಾರೂ ಅವನನ್ನು ಮುಟ್ಟಲಿಲ್ಲ. ಕೂತಿದ್ದವರೆಲ್ಲ ಕೂತಲ್ಲಿಂದಲೇ ತಮ್ಮ ತಮ್ಮ ಫೋನು ಎತ್ತಿ ಅವನ ಕಡೆ ಹಿಡಿದರು. ಕ್ಯಾಮೆರಾ ಇದ್ದವರು ಕ್ಯಾಮೆರಾ ಹಿಡಿದರು, ಇಲ್ಲದವರು ಕೀಪ್ಯಾಡನ್ನೇ ಹಿಡಿದರು. ಬಾಗಿಲ ಬಳಿಯಿದ್ದ ಎರ್ರಮ್ಮ, ಎಪ್ಪತ್ತು ದಾಟಿದ ಮುದುಕಿ, ಪಿಸುದನಿಯಲ್ಲಿ ಹೇಳಿದಳು.

“ಯಾರಿಗೂ ಕಳಸೂದಿಲ್ಲಪ್ಪ. ಸುಮ್ನ ನೋಡಾಕತ್ತೀವಿ. ನೀ ನೋಡ್ತಿದ್ದಿಯಲ್ಲ, ಹಂಗ.”

ಅವನು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. ಮುಖ ಎಲ್ಲಿಡಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ. ಹೋಗಲೂ ಇಲ್ಲ.

ಶ್ರೀಲಕ್ಷ್ಮೀ ಮೇಡಂ ಕನ್ನಡಕದವರು, ಮಾತು ಪೇಟೆಯದು. ಭಾರ ಮೇಲೆ ತೂಗಾಡುತ್ತಿರುವಾಗ ಕರೆಂಟು ಹೋದರೆ ಏನು ಮಾಡುತ್ತೀಯ ಅಂತ ಕೇಳಿದರು. ಮೊದಲು ಎಲ್ಲ ಕಂಟ್ರೋಲನ್ನೂ ಆಫಿಗೆ ತರುತ್ತೇನೆ, ಕೆಳಗಿನವರಿಗೆ ಎಚ್ಚರಿಕೆ ಕೊಡುತ್ತೇನೆ, ಭಾರದ ಕೆಳಗೆ ಯಾರೂ ಹಾಯದಂತೆ ನೋಡುತ್ತೇನೆ, ಕರೆಂಟು ಬಂತೆಂದು ತಟ್ಟನೆ ಇಳಿಸುವುದಿಲ್ಲ ಅಂದಳು ಅಂಜಲಿ. ಇನ್ನೂ ಏನೇನೋ ಕೇಳಿದರು, ಬ್ರೇಕು, ಲಿಮಿಟ್ ಸ್ವಿಚ್ಚು, ಎತ್ತರದ ಭಯ. ಎಲ್ಲಕ್ಕೂ ನನಗೆ ಉತ್ತರ ಗೊತ್ತಿತ್ತು. ಆದರೂ ಸುಮ್ಮನಿದ್ದೆ, ಅವಳದ್ದೇ ಸರಿಯಾಗಿತ್ತು. ಕೊನೆಗೆ ಮೇಡಂ ಕಾಗದ ತಿರುವಿ, ಹಿಂದೆ ನಿಮ್ಮ ಅಣ್ಣ ಫೋನ್ ಮಾಡಿ ನಿಮಗೆ ಮದುವೆ ಅಂದಿದ್ದರಲ್ಲ ಅಂದರು.

“ಅವನ ಮದುವಿ ಇರಬೇಕ್ರಿ” ಅಂದಳು ಅಂಜಲಿ. “ನಂದಲ್ಲ.”

ಮೆಟ್ಟಿಲ ಮೇಲಿನ ಬೆನ್ನು ಸ್ವಲ್ಪ ಬಾಗಿತು. ಮೇಡಂ ನಗಲಿಲ್ಲ, ತುಟಿ ಮಾತ್ರ ಒಂದು ಕಡೆ ಸರಿಯಿತು. ಇಲ್ಲಿ ರಾತ್ರಿ ಪಾಳಿಯೂ ಬರುತ್ತದೆ, ಮನೆಯವರ ಒಪ್ಪಿಗೆ ಇದೆಯೇ ಅಂತ ಕೇಳಿದರು. ಇದನ್ನು ಹುಡುಗರಿಗೂ ಕೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅಂಜಲಿ ಫೋನನ್ನು ಮುಖದ ಹತ್ತಿರಕ್ಕೆ ತಂದಳು.

“ನನಗ ಇಪ್ಪತ್ತೊಂದು ವರ್ಷ ಆಗ್ಯಾವ್ರಿ ಮೇಡಂ. ಒಪ್ಪಿಗಿ ಕೇಳೂದಿದ್ರ ನನ್ನ ಕೇಳ್ರಿ. ಒಪ್ಪೀನಿ.”

ಸೋಮವಾರ ಬೆಳಿಗ್ಗೆ ಎಲ್ಲ ಮೂಲ ದಾಖಲೆ ತೆಗೆದುಕೊಂಡು ಬನ್ನಿ ಅಂದರು ಮೇಡಂ. ಫೋನು ಆರಿತು. ಕೆಳಗೆ ಗಿರಣಿ ತಿರುಗಿತು.

ಆಗ ಮಾಳಿಗೆಯ ಮೇಲೆ ಎದ್ದ ಕೂಗಿಗೆ ಸಂಡೂರಿನ ಗುಡ್ಡಗಳು ಎರಡು ಇಂಚು ಸರಿದವು. ಎರ್ರಮ್ಮ ಕುಣಿದಳು. ಎಲ್ಲರಿಗೂ ಅವರವರ ಹೆಸರಿನಲ್ಲೇ ಸಿಮ್ಮು ತೆಗೆಸುವುದೇ ಮುಂದಿನ ಪಾಠ ಅಂತ ತುಳಸಿ ಹಲಗೆಯ ಮೇಲೆ ಬರೆದಳು. ಹದಿನಾಲ್ಕು ಕೈ ಒಟ್ಟಿಗೆ ಮೇಲೆದ್ದವು. ಅಷ್ಟರಲ್ಲಿ ಎರ್ರಿಯಪ್ಪ ಧೂಳು ಬಡಿದುಕೊಂಡು ಬಂದು, ನನ್ನ ಫೋನು ಕೊಟ್ಟು, ಉಪಾಯ ಫಲಿಸಿತಾ ಅಂತ ಕೇಳಿದ. ಪೂರ್ತಿ ಫಲಿಸಿತು ಅಂದೆ.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಅಂಜಲಿ ಚಪ್ಪಲಿ ಮೆಟ್ಟಿದಳು. ನಮ್ಮ ಮನೆಗೆ ಬಾ, ಎರಡು ದಿನ ಇರು ಅಂದೆ. ಕಂಪ್ಲಿಗೆ ಬಾ ಅಂದಳು ತುಳಸಿ. ಮಲಪನಗುಡಿಗೆ ಬಂದರೆ ಯಾವನು ಬರುತ್ತಾನೆ ನೋಡುತ್ತೇನೆ ಅಂದಳು ಗಾಳೆಮ್ಮ. ಹಂಪೇಶ್ ಮೆಟ್ಟಿಲಿಳಿದು ಬೈಕಿನ ಪಕ್ಕ ನಿಂತಿದ್ದ, ಸಿಮ್ಮು ಇನ್ನೂ ಕೈಯಲ್ಲೇ ಇತ್ತು.

“ನಾ ಯಾಕ ಯಾರ್ಯಾರ್ ಮನಿಗೋ ಹೋಗ್ಲಿ? ನಮ್ಮನಿ ಐತಿ, ನಮ್ಮವ್ವ ಅದಾಳ. ಅಲ್ಲಿಗೇ ಹೋಗ್ತೀನಿ.” ಎರಡು ಮೆಟ್ಟಿಲಿಳಿದು ತಿರುಗಿ ನನ್ನನ್ನು ನೋಡಿದಳು. “ಬರೂದಾದ್ರ ಬರ್ರಿ. ಆದ್ರ ಹಿಂದ ಬರ್ರಿ. ಮುಂದ ಬ್ಯಾಡ.”

ಅವಳು ಅಣ್ಣನ ಬೈಕು ದಾಟಿ, ಫೋನನ್ನು ಹಸಿರು ಚೀಲದಿಂದ ಹೊರಗೆ ತೆಗೆದು ಕೈಯಲ್ಲೇ ಹಿಡಿದುಕೊಂಡು ಓಣಿಯ ನಟ್ಟನಡುವೆ ನಡೆದಳು. ಹಂಪೇಶ್ ಬೈಕು ಚಾಲೂ ಮಾಡದೆ ತಳ್ಳಿಕೊಂಡು ಗೋಡೆಯ ಬದಿಯಲ್ಲಿ ಬಂದ. ಹಿಂದೆ ಗಾಳೆಮ್ಮ ಡಬ್ಬಿ ಹಿಡಿದು, ಅವಳ ಹಿಂದೆ ಎರ್ರಮ್ಮ, ಅವಳ ಹಿಂದೆ ಹಿಟ್ಟು ಮೆತ್ತಿದ ತಲೆಗಳ ಸಾಲು. ನಾನು ಹುಟ್ಟಿದಾಗಿನಿಂದ ಯಾರ ಹಿಂದೆಯೂ ನಡೆದವಳಲ್ಲ. ಅವತ್ತು ಎಲ್ಲರಿಗಿಂತ ಕೊನೆಯಲ್ಲಿ ನಡೆದೆ, ತುಳಸಿಯ ಪಕ್ಕದಲ್ಲಿ.

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಸಾವಿರ ಮಂದಿ ನಡೆದೆವು. ನಾನು ಹಾಗೆಂದು ಜೋರಾಗಿ ಹೇಳಿಯೂ ಹೇಳಿದೆ. ತುಳಸಿ ಎಣಿಸಲಿಲ್ಲ.